ಪಿಪ್ ಮೌಲ್ಯದ ಲೆಕ್ಕ ತಾಳೆಯಾಗುತ್ತಿಲ್ಲವೇ? ತಪ್ಪು ಪತ್ತೆ ಮಾಡುವ ಬಗೆ

ಫಾರೆಕ್ಸ್, ಅಂದರೆ ಕರೆನ್ಸಿ ಜೋಡಿಗಳ ಟ್ರೇಡಿಂಗ್‌ನಲ್ಲಿ ನಿಮ್ಮ ಸ್ಟಾಪ್ ಲಾಸ್ (ನಷ್ಟ ಹೆಚ್ಚದಂತೆ ಟ್ರೇಡ್ ತಾನೇ ಮುಚ್ಚಲು ಹಾಕಿದ ಬೆಲೆ) ಮುಟ್ಟಿತು. ನಿಮ್ಮ ಲೆಕ್ಕದಲ್ಲಿ 100 ಡಾಲರ್ ಹೋಗಬೇಕಿತ್ತು, ಅಕೌಂಟಿನಿಂದ 127 ಡಾಲರ್ ಹೋಗಿದೆ. ಇನ್ನೊಬ್ಬರಿಗೆ ಬರೀ 10 ಡಾಲರ್ ಹೋಗಿದೆ. ಮತ್ತೊಬ್ಬರ ಎಕ್ಸೆಲ್ ಶೀಟ್ ಅದೇ 100 ಡಾಲರ್ ರಿಸ್ಕಿಗೆ ಸುಮಾರು 30 ಲಾಟ್ (ಲಾಟ್ ಎಂದರೆ ಟ್ರೇಡಿನ ಗಾತ್ರದ ಅಳತೆ) ತೆಗೆದುಕೊಳ್ಳಿ ಎನ್ನುತ್ತಿದೆ. ಪಿಪ್ ಎಂದರೆ ಬೆಲೆಯ ಏರಿಳಿತ ಅಳೆಯುವ ಚಿಕ್ಕ ಘಟಕ, ಪಿಪ್ ಮೌಲ್ಯ ಎಂದರೆ ಬೆಲೆ ಒಂದು ಪಿಪ್ ಸರಿದಾಗ ಬರುವ ಅಥವಾ ಹೋಗುವ ಹಣ. ಮೂವರೂ "ಪಿಪ್ ಮೌಲ್ಯ ತಪ್ಪಾಗಿದೆ" ಎಂದೇ ಹೇಳುತ್ತಾರೆ. ಆದರೆ ಮೂವರ ಕಾಯಿಲೆಯೂ ಬೇರೆ ಬೇರೆ.

ಇಂಥ ಹೊತ್ತಿನಲ್ಲಿ ಸುಮಾರು ಜನ ಸೂತ್ರವನ್ನೇ ತಿದ್ದಲು ಹೊರಡುತ್ತಾರೆ. ಇಲ್ಲಿ ಭಾಗಿಸಿ ನೋಡುತ್ತಾರೆ, ಅಲ್ಲಿ ಗುಣಿಸಿ ನೋಡುತ್ತಾರೆ, ಉತ್ತರ ಹೊಂದಿದ ಕೂಡಲೇ ಬಿಟ್ಟುಬಿಡುತ್ತಾರೆ. ಮುಂದಿನ ಕರೆನ್ಸಿ ಜೋಡಿಗೆ ಹೋದಾಗ ಅದೇ ಸೂತ್ರ ಕೈಕೊಡುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಒಂದಿದೆ. ನಿಜವಾಗಿ ಬಂದ ಪಿಪ್ ಮೌಲ್ಯವನ್ನು ನಿಮ್ಮ ಶೀಟ್ ಹೇಳಿದ ಪಿಪ್ ಮೌಲ್ಯದಿಂದ ಭಾಗಿಸಿ. ಆ ಅನುಪಾತವನ್ನು ಸರಿಯಾಗಿ ನೋಡಿದರೆ ತಪ್ಪು ಎಲ್ಲಿದೆ ಎಂದು ಹೆಚ್ಚಿನ ಸಲ ಅದೇ ತೋರಿಸಿಕೊಡುತ್ತದೆ.

ಮೊದಲು ಬೇಕಾದ ಅಂಕಿಗಳು

ಮುಗಿದ ಒಂದು ಟ್ರೇಡ್ ತೆಗೆದುಕೊಳ್ಳಿ. ತೆರೆದಿರುವ ಟ್ರೇಡ್ ಬೇಡ, ಅದರ ಅಂಕಿ ಓಡುತ್ತಲೇ ಇರುತ್ತದೆ. ಹಿಸ್ಟರಿಯಲ್ಲಿ ಒಳಹೋದ ಬೆಲೆ, ಹೊರಬಂದ ಬೆಲೆ, ಲಾಟ್, ಲಾಭ-ನಷ್ಟ, ಇಷ್ಟು ಬರೆದುಕೊಳ್ಳಿ. ಬೆಲೆಯನ್ನು ಚಾರ್ಟ್ ನೋಡಿ ಬರೆಯಬೇಡಿ, ಟ್ರೇಡಿನ ದಾಖಲೆಯಲ್ಲಿ ಇರುವುದನ್ನೇ ಬರೆಯಿರಿ. ಕಮಿಷನ್ ಮತ್ತು ಸ್ವಾಪ್ (ಟ್ರೇಡ್ ರಾತ್ರಿ ದಾಟಿದರೆ ಸೇರುವ ಬಡ್ಡಿ) ಬೇರೆ ಕಾಲಂನಲ್ಲಿದ್ದರೆ ಸದ್ಯಕ್ಕೆ ಅವನ್ನು ಸೇರಿಸಬೇಡಿ.

ಪಿಪ್‌ಗಳನ್ನು ಕೈಯಲ್ಲೇ ಎಣಿಸಿ. ಯೂರೋ-ಡಾಲರ್ 1.08500ರಿಂದ 1.08230ಕ್ಕೆ ಇಳಿದರೆ ವ್ಯತ್ಯಾಸ 0.00270. ಒಂದು ಪಿಪ್ 0.0001 ಆದ್ದರಿಂದ ಅದು 27 ಪಿಪ್. ಈಗ ನಷ್ಟದ ಮೊತ್ತವನ್ನು 27ರಿಂದ ಭಾಗಿಸಿ, ಮತ್ತೆ ಲಾಟ್‌ನಿಂದ ಭಾಗಿಸಿ. ಸಿಕ್ಕಿದ್ದು ಒಂದು ಲಾಟ್‌ಗೆ ಒಂದು ಪಿಪ್‌ನ ನಿಜವಾದ ಮೌಲ್ಯ.

ಇಲ್ಲೇ ದಾರಿ ಎರಡಾಗುತ್ತದೆ. ಈ ಮೌಲ್ಯ ನಿಮ್ಮ ಶೀಟ್‌ನ ಮೌಲ್ಯಕ್ಕೆ ಹೊಂದಿದರೆ ಪಿಪ್ ಮೌಲ್ಯ ಸರಿಯಾಗಿಯೇ ಇದೆ. ತಪ್ಪು ಲಾಟ್‌ನಲ್ಲೋ, ಸ್ಟಾಪ್ ದೂರದಲ್ಲೋ, ಖರ್ಚಿನಲ್ಲೋ ಇದೆ, ಅದನ್ನು ಕೊನೆಯ ಕಡೆ ನೋಡೋಣ. ಹೊಂದದಿದ್ದರೆ ಅನುಪಾತ ತೆಗೆಯಿರಿ, ಮುಂದೆ ಓದಿ.

ಲೆಕ್ಕ ಹೇಗಿರಬೇಕು

ತಪ್ಪು ಹುಡುಕುವ ಮುಂಚೆ ಸರಿ ಯಾವುದು ಎಂದು ಗಟ್ಟಿ ಮಾಡಿಕೊಳ್ಳಬೇಕು. ನೆನಪಿಡಬೇಕಾದ್ದು ಒಂದೇ ಮಾತು: ಪಿಪ್ ಮೌಲ್ಯ ಯಾವಾಗಲೂ ಜೋಡಿಯ ಎರಡನೇ ಕರೆನ್ಸಿಯಲ್ಲಿ ಹುಟ್ಟುತ್ತದೆ. ಅದನ್ನು ಕೋಟ್ ಕರೆನ್ಸಿ ಎನ್ನುತ್ತಾರೆ. ಆಮೇಲೆ ನಡೆಯುವುದೆಲ್ಲ ಅದನ್ನು ನಿಮ್ಮ ಅಕೌಂಟಿನ ಕರೆನ್ಸಿಗೆ ಬದಲಾಯಿಸುವ ಕೆಲಸ ಅಷ್ಟೇ.

ಒಂದು ಸ್ಟ್ಯಾಂಡರ್ಡ್ ಲಾಟ್ ಎಂದರೆ ಮೊದಲ ಕರೆನ್ಸಿಯ 1,00,000 ಯೂನಿಟ್. ಯೂರೋ-ಡಾಲರ್‌ನಲ್ಲಿ 1,00,000 × 0.0001 = 10 ಡಾಲರ್. ಅಕೌಂಟೂ ಡಾಲರ್‌ನಲ್ಲೇ ಇದ್ದರೆ ಲೆಕ್ಕ ಇಲ್ಲಿಗೇ ಮುಗಿಯಿತು. ಡಾಲರ್-ಯೆನ್‌ನಲ್ಲಿ ಪಿಪ್ 0.01. ಹಾಗಾಗಿ 1,00,000 × 0.01 = 1,000 ಯೆನ್. ದರ 150.00 ಇದ್ದರೆ 1,000 ÷ 150 = 6.67 ಡಾಲರ್.

ಮುಂದಿನ ಎಲ್ಲ ಉದಾಹರಣೆಗೂ ಡಾಲರ್ ಅಕೌಂಟನ್ನೇ ಇಟ್ಟುಕೊಂಡಿದ್ದೇನೆ. ದರಗಳು ಹೀಗಿವೆ ಎಂದುಕೊಳ್ಳಿ: ಯೂರೋ-ಡಾಲರ್ 1.08, ಪೌಂಡ್-ಡಾಲರ್ 1.27, ಡಾಲರ್-ಯೆನ್ 150, ಡಾಲರ್-ಫ್ರಾಂಕ್ 0.90, ಡಾಲರ್-ಕೆನಡಾ ಡಾಲರ್ 1.35.

ಲೆವರೇಜ್ (ಕಡಿಮೆ ಹಣದಿಂದ ದೊಡ್ಡ ಟ್ರೇಡ್ ತೆರೆಯಲು ಬ್ರೋಕರ್ ಕೊಡುವ ಅನುಕೂಲ) ಈ ಲೆಕ್ಕದಲ್ಲಿ ಎಲ್ಲೂ ಬಂದಿಲ್ಲ, ಗಮನಿಸಿದಿರಾ? ಬರಬಾರದು ಕೂಡ. ಲೆವರೇಜ್ 1:30 ಇರಲಿ, 1:500 ಇರಲಿ, ಒಂದು ಲಾಟ್ ಯೂರೋ-ಡಾಲರ್‌ನ ಪಿಪ್ 10 ಡಾಲರೇ. ಬದಲಾಗುವುದು ಟ್ರೇಡ್ ತೆರೆಯಲು ಅಕೌಂಟಿನಲ್ಲಿ ಒತ್ತೆಯಾಗಿ ಬೇಕಾದ ಹಣ, ಅಂದರೆ ಮಾರ್ಜಿನ್ ಮಾತ್ರ. ನಿಮ್ಮ ಸೂತ್ರದಲ್ಲಿ ಲೆವರೇಜ್ ಕಾಲಂ ಪಿಪ್ ಮೌಲ್ಯಕ್ಕೆ ಗುಣಿಸಿಕೊಂಡಿದ್ದರೆ ಬೇರೆ ಏನನ್ನೂ ನೋಡುವ ಮೊದಲು ಅದನ್ನು ಅಳಿಸಿ.

ಅನುಪಾತ 10 ಅಥವಾ 0.1

ಇದಕ್ಕೆ ಎರಡೇ ಕಾರಣ ಇರುವುದು. ಒಂದು, ಪಾಯಿಂಟನ್ನು ಪಿಪ್ ಎಂದುಕೊಂಡಿರುವುದು. ಈಗ ಹೆಚ್ಚಿನ ಬ್ರೋಕರ್‌ಗಳು ಬೆಲೆಯನ್ನು ಐದು ದಶಮಾಂಶಕ್ಕೆ ತೋರಿಸುತ್ತಾರೆ, ಯೆನ್ ಜೋಡಿಗಳಿಗೆ ಮೂರು ದಶಮಾಂಶಕ್ಕೆ. ಕೊನೆಯ ಆ ಅಂಕಿ ಪಿಪ್ ಅಲ್ಲ, ಪಿಪ್‌ನ ಹತ್ತನೇ ಒಂದು ಭಾಗ. ಅದನ್ನು ಪಿಪೆಟ್ ಎಂದೂ ಕರೆಯುತ್ತಾರೆ. ಮೆಟಾಟ್ರೇಡರ್ ಎಂಬ ಟ್ರೇಡಿಂಗ್ ಪ್ಲಾಟ್‌ಫಾರ್ಮ್‌ನಲ್ಲಿ "ಪಾಯಿಂಟ್" ಎಂದರೆ ಇದೇ. ಹಳೆಯ ನಾಲ್ಕು ದಶಮಾಂಶದ ಕಾಲದಲ್ಲಿ ಪಾಯಿಂಟ್ ಮತ್ತು ಪಿಪ್ ಒಂದೇ ಆಗಿದ್ದವು. ಆಗ ಬರೆದ ಪಾಠಗಳು, ತಾನೇ ಟ್ರೇಡ್ ಮಾಡುವ ಪ್ರೋಗ್ರಾಂಗಳಾದ ರೋಬೋಟ್‌ಗಳು ಇನ್ನೂ ಓಡಾಡುತ್ತಿರುವುದರಿಂದ ಈ ಗೊಂದಲ ಸಾಯುವುದೇ ಇಲ್ಲ.

ಎರಡನೆಯದು ಲಾಟ್‌ನ ಗಾತ್ರ. ಮಿನಿ ಲಾಟ್ 10,000 ಯೂನಿಟ್, ಮೈಕ್ರೋ 1,000. ನಿಮ್ಮ ಶೀಟ್ ಮಿನಿ ಲಾಟ್‌ಗೆ ಬರೆದದ್ದು, ಪ್ಲಾಟ್‌ಫಾರ್ಮ್‌ನಲ್ಲಿ 1.00 ಎಂದು ಒತ್ತಿದ್ದು ಸ್ಟ್ಯಾಂಡರ್ಡ್ ಲಾಟ್ ಆದರೆ ಪಿಪ್‌ಗೆ 1 ಡಾಲರ್ ಬದಲು 10 ಡಾಲರ್ ಹೋಗುತ್ತದೆ. ಎರಡರಲ್ಲಿ ಯಾವುದು ಎಂದು ತಿಳಿಯಲು ಸಿಂಬಲ್‌ನ (ಪ್ಲಾಟ್‌ಫಾರ್ಮ್‌ನಲ್ಲಿ ಆ ಜೋಡಿಯ ಹೆಸರು) ವಿವರ ತೆರೆದು ಕಾಂಟ್ರ್ಯಾಕ್ಟ್ ಸೈಜ್, ಅಂದರೆ ಒಂದು ಲಾಟ್‌ಗೆ ಎಷ್ಟು ಯೂನಿಟ್ ಎಂದು ನೋಡಿ. ಅಲ್ಲಿ ಶೀಟ್‌ನಲ್ಲಿರುವ ಸಂಖ್ಯೆಯೇ ಇದ್ದರೆ ತಪ್ಪು ದಶಮಾಂಶದಲ್ಲಿದೆ.

ಮೊದಲಿಗೆ ಹೇಳಿದ 10 ಡಾಲರ್ ನಷ್ಟದ ಕತೆ ಇದರ ಹತ್ತಿರದ ನೆಂಟ. ಅಲ್ಲಿ ಪಿಪ್ ಮೌಲ್ಯ ಸರಿಯೇ ಇತ್ತು. 50 ಪಿಪ್ ಸ್ಟಾಪ್ ಬೇಕಿದ್ದ ಕಡೆ ಪಾಯಿಂಟ್ ಕೇಳುವ ಜಾಗದಲ್ಲಿ 50 ಎಂದು ಬರೆದಿದ್ದರು. ಸ್ಟಾಪ್ 5 ಪಿಪ್ ದೂರದಲ್ಲಿ ಕೂತಿತು. ನಷ್ಟ ಕಡಿಮೆಯಾಯಿತಲ್ಲ ಎಂದು ಸುಮ್ನೆ ಬಿಡಬೇಡಿ. 5 ಪಿಪ್ ಸ್ಟಾಪ್ ಮಾರುಕಟ್ಟೆಯ ಸಾಮಾನ್ಯ ಅಲುಗಾಟಕ್ಕೇ ಮುಟ್ಟುತ್ತದೆ, ಟ್ರೇಡ್ ಮೇಲೆ ಟ್ರೇಡ್ ಹೀಗೇ ಹೋಗುತ್ತದೆ.

ಅನುಪಾತ 100

ಇದನ್ನು ಕಂಡರೆ ಆ ಶೀಟ್ ಬಳಸುವುದನ್ನು ತಕ್ಷಣ ನಿಲ್ಲಿಸಿ. ಎಲ್ಲಕ್ಕಿಂತ ಅಪಾಯದ ತಪ್ಪು ಇದೇ ಎಂದು ನನಗನಿಸುತ್ತದೆ.

ಕಾರಣ ಸಾಮಾನ್ಯವಾಗಿ ಯೆನ್. ಸೂತ್ರದಲ್ಲಿ 0.0001 ಎಂದು ಖಾಯಂ ಬರೆದುಬಿಟ್ಟಿರುತ್ತಾರೆ, ಅದನ್ನೇ ಯೆನ್ ಜೋಡಿಗೂ ಎಳೆಯುತ್ತಾರೆ. ಆಗ 1,00,000 × 0.0001 = 10 ಯೆನ್, ಅಂದರೆ 0.0667 ಡಾಲರ್. ಈಗ ಲಾಟ್ ಲೆಕ್ಕ ಹಾಕೋಣ. ರಿಸ್ಕ್ 100 ಡಾಲರ್, ಸ್ಟಾಪ್ 50 ಪಿಪ್. ಸರಿಯಾದ ಲೆಕ್ಕ 100 ÷ (50 × 6.67), ಅಂದರೆ ಹತ್ತಿರ ಹತ್ತಿರ 0.30 ಲಾಟ್. ತಪ್ಪು ಲೆಕ್ಕದಲ್ಲಿ ಹತ್ತಿರ ಹತ್ತಿರ 30 ಲಾಟ್. ಚಿಕ್ಕ ಅಕೌಂಟ್ ಆದರೆ ಮಾರ್ಜಿನ್ ಸಾಲದೆ ಪ್ಲಾಟ್‌ಫಾರ್ಮೇ ಆರ್ಡರ್ ತಿರಸ್ಕರಿಸುತ್ತದೆ. "ಹಣ ಸಾಲದು" ಎಂಬ ಸಂದೇಶ ಯೆನ್ ಜೋಡಿಗಳಲ್ಲಿ ಮಾತ್ರ ಬರುತ್ತಿದ್ದರೆ ಅದನ್ನು ಬ್ರೋಕರ್ ತೊಂದರೆ ಎಂದುಕೊಳ್ಳಬೇಡಿ, ಇದೇ ತಪ್ಪಿನ ಲಕ್ಷಣ ಅದು. ದೊಡ್ಡ ಅಕೌಂಟಿನಲ್ಲಿ, ಲೆವರೇಜೂ ಜಾಸ್ತಿ ಇದ್ದರೆ, ಆರ್ಡರ್ ಹೋಗಿಬಿಡುತ್ತದೆ.

ಒಂದು ಸೂಕ್ಷ್ಮ ಇದೆ. ಸ್ಟಾಪ್ ದೂರವನ್ನೂ ಅದೇ 0.0001ರಿಂದ ಎಣಿಸಿದ್ದರೆ 0.50 ಯೆನ್ ದೂರ 5,000 "ಪಿಪ್" ಆಗುತ್ತಿತ್ತು, ಎರಡು ತಪ್ಪು ಸೇರಿ ಲಾಟ್ ಸರಿಯಾಗಿಯೇ ಬರುತ್ತಿತ್ತು. ಅಪಾಯ ಬರುವುದು ದೂರವನ್ನು ಒಂದು ಅಳತೆಯಲ್ಲಿ, ಮೌಲ್ಯವನ್ನು ಇನ್ನೊಂದು ಅಳತೆಯಲ್ಲಿ ಹಿಡಿದಾಗ. ಹಾಗಾಗಿ ಪಿಪ್ ಗಾತ್ರಕ್ಕೆ ಶೀಟ್‌ನಲ್ಲಿ ಒಂದೇ ಸೆಲ್ ಇಡಿ. ದೂರವೂ ಮೌಲ್ಯವೂ ಅದೇ ಸೆಲ್‌ನಿಂದ ಬರಲಿ. ಎರಡನೇ ಕರೆನ್ಸಿ ಯೆನ್ ಆದರೆ 0.01, ಇಲ್ಲವಾದರೆ 0.0001. ಹಂಗೇರಿಯ ಫೋರಿಂಟ್ ಥರದ ಕೆಲವು ಕರೆನ್ಸಿಗಳಲ್ಲೂ 0.01 ಬಳಸುವುದುಂಟು. ಅಂಥ ಜೋಡಿಗೆ ಹೋಗುವ ಮೊದಲು ಬ್ರೋಕರ್ ಎಷ್ಟು ದಶಮಾಂಶ ತೋರಿಸುತ್ತಾರೆ ಎಂದು ನೋಡಿಕೊಳ್ಳಿ.

ಯೆನ್ ಅಲ್ಲದ ಜೋಡಿಯಲ್ಲೂ 100 ಬರುತ್ತಿದೆಯೇ? ಹಾಗಾದರೆ ನಿಮ್ಮದು ಸೆಂಟ್ ಅಕೌಂಟ್ ಇರಬಹುದು. ಅಲ್ಲಿ ಬ್ಯಾಲೆನ್ಸ್ ಡಾಲರ್‌ನಲ್ಲಲ್ಲ, ಸೆಂಟ್‌ನಲ್ಲಿ ಕಾಣುತ್ತದೆ. 10 ಡಾಲರ್ ಹಾಕಿದರೆ 1,000 ಎಂದು ತೋರಿಸುತ್ತದೆ.

ಅನುಪಾತ ಯಾವುದೋ ವಿನಿಮಯ ದರಕ್ಕೆ ಹೊಂದಿದರೆ

ನಿಜವಾದ ಹುಡುಕಾಟ ಇಲ್ಲಿ ಶುರುವಾಗುತ್ತದೆ. ಅನುಪಾತ 1.27, 1.11, 0.74 ಹೀಗೆ ವಿಚಿತ್ರವಾಗಿ ಬಂದರೆ ದರಗಳ ಪಟ್ಟಿ ತೆರೆದು ಅದನ್ನು ಹುಡುಕಿ. ಸಿಗದಿದ್ದರೆ 1ನ್ನು ಆ ಅನುಪಾತದಿಂದ ಭಾಗಿಸಿ ಮತ್ತೆ ಹುಡುಕಿ. ಯಾವ ದರ ಸಿಗುತ್ತದೋ ಆ ದರವೇ ನಿಮ್ಮ ಸೂತ್ರದಲ್ಲಿ ಬಿಟ್ಟುಹೋಗಿದೆ, ಇಲ್ಲವೇ ಬೇಡದ ಕಡೆ ಬಂದು ಸೇರಿದೆ.

127 ಡಾಲರ್ ಹೋದವರನ್ನು ನೋಡೋಣ. ಅವರು ಆಡಿದ್ದು ಯೂರೋ-ಪೌಂಡ್. ಶೀಟ್‌ನಲ್ಲಿ ಒಂದು ಪಿಪ್‌ಗೆ 10 ಎಂದಿತ್ತು. ಆ 10 ಸರಿ, ಆದರೆ ಅದು 10 ಪೌಂಡ್. ಡಾಲರ್‌ಗೆ ತರಬೇಕಾದರೆ 1.27ರಿಂದ ಗುಣಿಸಬೇಕು, 12.70 ಡಾಲರ್. ಅನುಪಾತ 1.27 ಬಂದದ್ದು ಅದಕ್ಕೇ. ಯೂರೋ-ಡಾಲರ್‌ನಲ್ಲಿ ಅಭ್ಯಾಸವಾದವರು ಎಲ್ಲ ಜೋಡಿಗೂ "ಪಿಪ್‌ಗೆ 10 ಡಾಲರ್" ಎಂದುಕೊಂಡು ಹೋಗುವುದು ತುಂಬಾ ಸಹಜ. ಎರಡನೇ ಕರೆನ್ಸಿ ಡಾಲರ್ ಆಗಿದ್ದರೆ ಮಾತ್ರ ಅದು ನಿಜ.

ಪೌಂಡ್-ಯೆನ್ ಇನ್ನೂ ಮೋಸದ ಜೋಡಿ. ಒಂದು ಪಿಪ್ 1,000 ಯೆನ್. ಈ ದರಗಳಲ್ಲಿ ಪೌಂಡ್-ಯೆನ್ 190.50 ಆಗುತ್ತದೆ. ಕಣ್ಣೆದುರು ಇರುವ ದರ ಅದೇ ಅಲ್ವಾ? ಹಾಗಾಗಿ 1,000 ÷ 190.50 = 5.25 ಎಂದು ಬರೆದು ಮುಂದೆ ಹೋಗುತ್ತಾರೆ. ಆದರೆ ಯೆನ್ನನ್ನು ಪೌಂಡ್-ಯೆನ್ ದರದಿಂದ ಭಾಗಿಸಿದರೆ ಸಿಗುವುದು ಪೌಂಡ್. ಅಕೌಂಟ್ ಇರುವುದು ಡಾಲರ್‌ನಲ್ಲಿ. ಭಾಗಿಸಬೇಕಾದ್ದು ಡಾಲರ್-ಯೆನ್ ದರದಿಂದ: 1,000 ÷ 150 = 6.67 ಡಾಲರ್. ಸಿಕ್ಕಿದ 5.25 ಪೌಂಡನ್ನು 1.27ರಿಂದ ಗುಣಿಸಿದರೂ 6.67 ಬರುತ್ತದೆ. ಎರಡು ದಾರಿಯಲ್ಲಿ ಹೋದರೂ ಒಂದೇ ಉತ್ತರ ಬಂದರೆ ಲೆಕ್ಕ ಗಟ್ಟಿ. ಈ ಪರೀಕ್ಷೆಯನ್ನು ಪ್ರತಿ ಕ್ರಾಸ್ ಜೋಡಿಗೂ (ಡಾಲರ್ ಇಲ್ಲದ ಜೋಡಿ) ಒಮ್ಮೆಯಾದರೂ ಮಾಡಿ ಎಂದು ಒತ್ತಿ ಹೇಳುತ್ತೇನೆ.

ಟ್ರೇಡ್ ಮಾಡುತ್ತಿರುವ ಜೋಡಿಯ ದರ ಪರಿವರ್ತನೆಗೆ ಬೇಕಾಗುವುದು ಅದರ ಮೊದಲ ಕರೆನ್ಸಿಯೇ ನಿಮ್ಮ ಅಕೌಂಟಿನ ಕರೆನ್ಸಿ ಆಗಿದ್ದಾಗ ಮಾತ್ರ. ಡಾಲರ್ ಅಕೌಂಟಿಗೆ ಡಾಲರ್-ಯೆನ್, ಡಾಲರ್-ಫ್ರಾಂಕ್ ಹಾಗೆ. ಯೂರೋ ಅಕೌಂಟ್ ಇದ್ದವರಿಗೆ ಯೂರೋ-ಡಾಲರ್ ಕೂಡ ಈ ಗುಂಪಿಗೇ ಸೇರುತ್ತದೆ: 10 ಡಾಲರ್ ÷ 1.08 = 9.26 ಯೂರೋ. ಡಾಲರ್ ಅಕೌಂಟಿಗೆಂದು ಮಾಡಿದ ಪಟ್ಟಿಯನ್ನು ಯೂರೋ ಅಕೌಂಟಿನವರು ಹಾಗೇ ಬಳಸಿದರೆ ಪ್ರತಿ ಜೋಡಿಯಲ್ಲೂ ಒಂದೇ ಅನುಪಾತದ ತಪ್ಪು ಕಾಣುತ್ತದೆ, ಇಲ್ಲಿ 0.926. ಎಲ್ಲ ಜೋಡಿಯಲ್ಲೂ ಒಂದೇ ತಪ್ಪು ಎಂದರೆ ಜೋಡಿಯದಲ್ಲ, ಅಕೌಂಟ್ ಕರೆನ್ಸಿಯ ತಪ್ಪು.

ಗುಣಿಸಬೇಕೋ, ಭಾಗಿಸಬೇಕೋ

ಕೋಟ್ ಕರೆನ್ಸಿ ಮತ್ತು ಅಕೌಂಟ್ ಕರೆನ್ಸಿ ಎರಡೂ ಇರುವ ಜೋಡಿಯನ್ನು ಹುಡುಕಿ. ಅದರಲ್ಲಿ ಅಕೌಂಟ್ ಕರೆನ್ಸಿ ಮೊದಲು ಬಂದರೆ ಭಾಗಿಸಿ, ಎರಡನೆಯದಾಗಿ ಬಂದರೆ ಗುಣಿಸಿ.

ಯೆನ್‌ನಲ್ಲಿ ತಿರುಗಾಮುರುಗಾ ಮಾಡಿದರೆ ಪಿಪ್‌ಗೆ 1,50,000 ಡಾಲರ್ ಎಂದು ಬರುತ್ತದೆ, ಯಾರಿಗಾದರೂ ಕಣ್ಣಿಗೆ ಹೊಡೆಯುತ್ತದೆ. ಫ್ರಾಂಕ್, ಕೆನಡಾ ಡಾಲರ್‌ನಲ್ಲಿ ಹಾಗಲ್ಲ. ಡಾಲರ್-ಕೆನಡಾದಲ್ಲಿ 10 ÷ 1.35 = 7.41 ಬರಬೇಕು. ಗುಣಿಸಿದರೆ 13.50. ಎರಡೂ ನಂಬುವಂತೆಯೇ ಕಾಣುತ್ತವೆ. ಈ ತಪ್ಪಿಗೆ ಒಳ್ಳೆಯ ಗುರುತು ಇದೆ: ಅನುಪಾತ ದರಕ್ಕೆ ಹೊಂದುವುದಿಲ್ಲ, ದರದ ವರ್ಗಕ್ಕೆ ಹೊಂದುತ್ತದೆ. 7.41 ÷ 13.50 = 0.549, ಅದರ ವರ್ಗಮೂಲ 0.74, ಅಂದರೆ 1 ÷ 1.35. ಫ್ರಾಂಕ್‌ನಲ್ಲಿ 11.11 ಬದಲು 9.00 ಬರುತ್ತದೆ, ಅನುಪಾತ 1.23. ಇದು ಯಾವ ದರಕ್ಕೂ ಹೊಂದಲಿಲ್ಲ ಎಂದು ಕೈಬಿಡುವ ಮೊದಲು ವರ್ಗಮೂಲ ತೆಗೆದು ನೋಡಿ: 1.11, ಅಂದರೆ 1 ÷ 0.90.

ಕ್ಯಾಲ್ಕುಲೇಟರ್ ಇಲ್ಲದೆಯೂ ಒಂದು ಪರೀಕ್ಷೆ ಮಾಡಬಹುದು. ಒಂದು ಪೌಂಡ್ ಒಂದು ಡಾಲರ್‌ಗಿಂತ ದೊಡ್ಡದು. ಹಾಗಾದರೆ 10 ಪೌಂಡ್ 10 ಡಾಲರ್‌ಗಿಂತ ಜಾಸ್ತಿಯೇ ಬರಬೇಕು. ಒಂದು ಕೆನಡಾ ಡಾಲರ್ ಅಮೆರಿಕದ ಡಾಲರ್‌ಗಿಂತ ಚಿಕ್ಕದು, ಹಾಗಾಗಿ ಉತ್ತರ 10ಕ್ಕಿಂತ ಕಡಿಮೆ ಇರಲೇಬೇಕು.

ಅನುಪಾತ 1ರ ಹತ್ತಿರ, ಆದರೆ 1 ಅಲ್ಲ

1.02, 0.98 ಹೀಗೆ ಬಂದರೆ ಸೂತ್ರ ಸರಿಯಾಗಿದೆ, ದರ ಹಳೆಯದು. ಯೂರೋ-ಡಾಲರ್‌ನಂಥ ಜೋಡಿ ಬಿಟ್ಟರೆ ಪಿಪ್ ಮೌಲ್ಯ ಸ್ಥಿರವಲ್ಲ. 2011ರ ಅಕ್ಟೋಬರ್‌ನಲ್ಲಿ ಡಾಲರ್ 76 ಯೆನ್‌ಗಿಂತ ಕೆಳಗಿಳಿದಿತ್ತು, ಆಗ ಡಾಲರ್-ಯೆನ್‌ನ ಒಂದು ಪಿಪ್ 13 ಡಾಲರ್‌ಗೂ ಜಾಸ್ತಿ. 2024ರ ಜುಲೈಯಲ್ಲಿ 160 ದಾಟಿದಾಗ ಅದೇ ಪಿಪ್ 6.25 ಡಾಲರ್‌ಗಿಂತ ಕಡಿಮೆ. ಹಳೆಯ ಪಾಠದಲ್ಲಿ ಓದಿದ ಪಟ್ಟಿಯನ್ನು ಇಂದಿಗೆ ಬಳಸಿದರೆ ಏನಾಗಬಹುದು ಎಂದು ಇದರಲ್ಲೇ ಗೊತ್ತಾಗುತ್ತದೆ.

ಒಂದೇ ಟ್ರೇಡಿನ ಒಳಗೂ ಹೀಗಾಗುತ್ತದೆ. ಡಾಲರ್-ಯೆನ್ ಒಂದು ಲಾಟ್ 150.00ಕ್ಕೆ ಕೊಂಡಿರಿ, 147.00ಕ್ಕೆ ಸ್ಟಾಪ್ ಮುಟ್ಟಿತು. 300 ಪಿಪ್, 3,00,000 ಯೆನ್ ನಷ್ಟ. ಟ್ರೇಡ್ ತೆರೆದಾಗಿನ ಲೆಕ್ಕದಲ್ಲಿ 2,000 ಡಾಲರ್. ಆದರೆ ಯೆನ್ ಡಾಲರ್ ಆಗುವುದು ಮುಚ್ಚುವಾಗಿನ ದರದಲ್ಲಿ: 3,00,000 ÷ 147 = 2,040.82. ಅದೇ ಬೆಲೆ 153.00ಕ್ಕೆ ಏರಿದ್ದರೆ ಲಾಭ 1,960.78 ಮಾತ್ರ. ಕೊಂಡವರಿಗೆ ನಷ್ಟ ಸ್ವಲ್ಪ ಹೆಚ್ಚು, ಲಾಭ ಸ್ವಲ್ಪ ಕಡಿಮೆ. ಸ್ಟಾಪ್ ದೂರ ಇದ್ದಾಗ ರಿಸ್ಕನ್ನು ಸ್ಟಾಪ್ ಬೆಲೆಯ ದರದಲ್ಲೇ ಲೆಕ್ಕ ಹಾಕುವುದು ಒಳ್ಳೆಯದು. 20 ಪಿಪ್ ಸ್ಟಾಪ್‌ಗೆ ಇದರ ತಲೆಬಿಸಿ ಬೇಡ.

ಪಿಪ್ ಮೌಲ್ಯ ಸರಿ, ಹಣ ಮಾತ್ರ ತಪ್ಪು

ಒಂದೇ ಲಾಟ್‌ನ ಎರಡು ಟ್ರೇಡ್ ಹೋಲಿಸಿ. ಒಂದು 20 ಪಿಪ್‌ನದು, ಇನ್ನೊಂದು 100 ಪಿಪ್‌ನದು. ಎರಡರಲ್ಲೂ 7 ಡಾಲರ್ ವ್ಯತ್ಯಾಸ ಇದ್ದರೆ ಅದು ಕಮಿಷನ್ ಥರದ ಖರ್ಚು. ಮೊದಲನೆಯದರಲ್ಲಿ 7, ಎರಡನೆಯದರಲ್ಲಿ 35 ಇದ್ದರೆ ಮತ್ತೆ ಪಿಪ್ ಮೌಲ್ಯಕ್ಕೇ ಹೋಗಿ. ರಾತ್ರಿ ದಾಟಿದ ಟ್ರೇಡ್‌ಗೆ ಸ್ವಾಪ್ ಸೇರುತ್ತದೆ, ಹೆಚ್ಚಿನ ಜೋಡಿಗಳಲ್ಲಿ ಬುಧವಾರ ಮೂರು ದಿನದ್ದು ಒಟ್ಟಿಗೆ.

ಮೆಟಾಟ್ರೇಡರ್ ಚಾರ್ಟ್ ಸಾಮಾನ್ಯವಾಗಿ ಬಿಡ್ ಬೆಲೆಯನ್ನು (ನೀವು ಮಾರುವ ಬೆಲೆ) ತೋರಿಸುತ್ತದೆ. ಮಾರಿದ ಟ್ರೇಡ್ ಮುಚ್ಚುವುದು ಆಸ್ಕ್ ಬೆಲೆಗೆ (ನೀವು ಕೊಳ್ಳುವ ಬೆಲೆ). ಚಾರ್ಟ್ ಗೆರೆ ಮುಟ್ಟಲೇ ಇಲ್ಲ, ಸ್ಟಾಪ್ ಮಾತ್ರ ಹೊಡೆಯಿತು ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ಎರಡು ಬೆಲೆಗಳ ಅಂತರ, ಅಂದರೆ ಸ್ಪ್ರೆಡ್. ಸ್ಲಿಪೇಜ್ ಇದ್ದರೆ ಮುಚ್ಚಿದ ಬೆಲೆಯೇ ಸ್ಟಾಪ್‌ಗಿಂತ ಆಚೆ ಇರುತ್ತದೆ. 2015ರ ಜನವರಿ 15ರಂದು ಸ್ವಿಸ್ ನ್ಯಾಷನಲ್ ಬ್ಯಾಂಕ್ ಯೂರೋ-ಫ್ರಾಂಕ್‌ನ 1.20ರ ಕೆಳಮಿತಿಯನ್ನು ಕೈಬಿಟ್ಟಾಗ ಸ್ಟಾಪ್‌ಗಳು ಹಾಕಿದ ಬೆಲೆಗಿಂತ ಬಹಳ ದೂರದಲ್ಲಿ ಜಾರಿಯಾದವು. ಅಂಥ ದಿನ ಪಿಪ್ ಮೌಲ್ಯ ಎಷ್ಟು ಸರಿ ಇದ್ದರೂ ಪಿಪ್‌ಗಳ ಸಂಖ್ಯೆಯೇ ಬೇರೆಯಾಗಿರುತ್ತದೆ.

ಚಿಕ್ಕ ಅಕೌಂಟಿನಲ್ಲಿ ಲಾಟ್‌ನ ದುಂಡು ಮಾಡುವಿಕೆಯನ್ನೂ ನೋಡಿ. ಲೆಕ್ಕ 0.016 ಎಂದರೆ ಪ್ಲಾಟ್‌ಫಾರ್ಮ್ ತೆಗೆದುಕೊಳ್ಳುವುದು 0.01 ಅಥವಾ 0.02. ಮೇಲಕ್ಕೆ ದುಂಡು ಮಾಡಿದರೆ ರಿಸ್ಕ್ 25 ಶೇಕಡ ಏರುತ್ತದೆ. ಯಾವಾಗಲೂ ಕೆಳಕ್ಕೇ ದುಂಡು ಮಾಡಿ. ಶೀಟ್‌ನಲ್ಲಿ ಯಾವುದಾದರೂ ಸಂಖ್ಯೆ ಸೆಲ್‌ನ ಎಡಕ್ಕೆ ಅಂಟಿಕೊಂಡಿದ್ದರೆ ಅದು ಪಠ್ಯವಾಗಿ ಕೂತಿರಬಹುದು. ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಬಳಸುವ ಸೆಟ್ಟಿಂಗ್‌ನಲ್ಲಿ ಹೀಗಾಗುವುದು ಹೆಚ್ಚು.

ಚಿನ್ನಕ್ಕೆ ಬೇರೆ ಲೆಕ್ಕ

ಚಿನ್ನದಲ್ಲಿ ಪಿಪ್ ಎಂದರೆ ಎಷ್ಟು ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆ ಇಲ್ಲ. ಕೆಲವರಿಗೆ 0.01, ಕೆಲವರಿಗೆ 0.10. ಹೆಚ್ಚಿನ ಬ್ರೋಕರ್‌ಗಳಲ್ಲಿ ಒಂದು ಲಾಟ್ 100 ಔನ್ಸ್. ಆದ್ದರಿಂದ ಬೆಲೆ 1 ಡಾಲರ್ ಏರಿದರೆ 100 ಡಾಲರ್ ವ್ಯತ್ಯಾಸ. ಇಷ್ಟು ಹಿಡಿದುಕೊಂಡರೆ ಪಿಪ್‌ನ ಹಂಗೇ ಬೇಡ. ಸ್ಟಾಪ್ ದೂರವನ್ನು ಡಾಲರ್‌ನಲ್ಲೇ ಅಳೆದು 100ರಿಂದ ಮತ್ತು ಲಾಟ್‌ನಿಂದ ಗುಣಿಸಿ. ಚಿನ್ನಕ್ಕೆ ನಾನು ಒಪ್ಪುವುದು ಈ ದಾರಿಯನ್ನೇ.

ರೋಬೋಟ್ ಬರೆಯುವವರಿಗೆ

0.0001, 10 ಡಾಲರ್ ಇಂಥವನ್ನು ಕೋಡ್‌ನಲ್ಲಿ ಖಾಯಂ ಬರೆಯಬೇಡಿ. ಸಿಂಬಲ್‌ನಿಂದಲೇ ಟಿಕ್ ಸೈಜ್ (ಬೆಲೆ ಸರಿಯುವ ಅತಿ ಚಿಕ್ಕ ಹೆಜ್ಜೆ), ಟಿಕ್ ವ್ಯಾಲ್ಯೂ (ಆ ಹೆಜ್ಜೆಗೆ ಒಂದು ಲಾಟ್‌ನಲ್ಲಿ ಬರುವ ಹಣ) ಕೇಳಿ ಪಡೆಯಿರಿ. ಪಿಪ್ ಮೌಲ್ಯ ಎಂದರೆ ಟಿಕ್ ವ್ಯಾಲ್ಯೂ × (ಪಿಪ್ ಗಾತ್ರ ÷ ಟಿಕ್ ಸೈಜ್). ಟಿಕ್ ವ್ಯಾಲ್ಯೂ ಅಕೌಂಟ್ ಕರೆನ್ಸಿಯಲ್ಲೇ ಬರುತ್ತದೆ. ಅದನ್ನು ಮತ್ತೆ ಡಾಲರ್‌ಗೆ ಬದಲಾಯಿಸಲು ಹೋದರೆ ಮೇಲೆ ನೋಡಿದ ವಿನಿಮಯ ದರದ ಅನುಪಾತವೇ ಕಾಣುತ್ತದೆ. ಟಿಕ್ ವ್ಯಾಲ್ಯೂ ಶೂನ್ಯ ಬಂದರೆ ಆ ಸಿಂಬಲ್ ಪ್ಲಾಟ್‌ಫಾರ್ಮ್‌ನ ಮಾರ್ಕೆಟ್ ವಾಚ್ ಪಟ್ಟಿಯಲ್ಲಿ ಇದೆಯೇ, ಬೆಲೆ ಬರುತ್ತಿದೆಯೇ ನೋಡಿ. ಶೂನ್ಯದಿಂದ ಭಾಗಿಸದಂತೆ ಕೋಡ್‌ನಲ್ಲಿ ತಡೆ ಇರಲೇಬೇಕು. ಮೆಟಾಟ್ರೇಡರ್ 5ರಲ್ಲಿ ಆರ್ಡರ್‌ಕ್ಯಾಲ್ಕ್‌ಪ್ರಾಫಿಟ್ ಎಂಬ ಫಂಕ್ಷನ್ ಇದೆ. ತೆರೆಯುವ ಬೆಲೆ, ಮುಚ್ಚುವ ಬೆಲೆ, ಲಾಟ್ ಕೊಟ್ಟರೆ ಲಾಭ-ನಷ್ಟ ಹೇಳುತ್ತದೆ. ನಿಮ್ಮ ಸೂತ್ರವನ್ನು ಅದರ ಉತ್ತರದ ಪಕ್ಕ ಇಟ್ಟು ನೋಡಿ.

ಇಷ್ಟೆಲ್ಲ ನೋಡಿದ ಮೇಲೂ ಅನುಪಾತ ಯಾವುದಕ್ಕೂ ಹೊಂದದಿದ್ದರೆ ಬ್ರೋಕರ್‌ಗೆ ಬರೆಯಿರಿ. "ನಷ್ಟ ಜಾಸ್ತಿ ಬಂದಿದೆ" ಎಂದಷ್ಟೇ ಬರೆದರೆ ಸಿದ್ಧ ಉತ್ತರ ಬರುತ್ತದೆ. ಟ್ರೇಡಿನ ಟಿಕೆಟ್ ನಂಬರ್, ಎರಡೂ ಬೆಲೆ, ಲಾಟ್, ನಿಮ್ಮ ಲೆಕ್ಕದ ಮೊತ್ತ, ಬಂದ ಮೊತ್ತ ಎಲ್ಲ ಬರೆದು, ಮುಚ್ಚುವಾಗ ಯಾವ ಪರಿವರ್ತನೆ ದರ ಹಾಕಿದ್ದೀರಿ, ಅದಕ್ಕೆ ಪರಿವರ್ತನೆ ಶುಲ್ಕ ಸೇರಿಸಿದ್ದೀರಾ ಎಂದು ನೇರವಾಗಿ ಕೇಳಿ.